ದೊಡ್ಡಪ್ಪನ ವಾಲ್ವ್‌ಗೆ ಒಂದು ಪ್ರಶ್ನೆ

ನಮ್ಮ ದೊಡ್ಡಪ್ಪ ಬನಶಂಕರಿಯಲ್ಲೇ ಅತ್ಯಂತ ಬಿಸಿಯಾದ ಮನುಷ್ಯ. ಕೋಪದಿಂದಲ್ಲ, ವಾಲ್ವ್‌ಗಳಿಂದ. ಹಳೇ ರೇಡಿಯೋಗಳೊಳಗೆ ಕೆಂಪಗೆ ಉರಿಯುತ್ತಿದ್ದ ಆ ಗಾಜಿನ ಬುರುಡೆಗಳನ್ನು ಊರೆಲ್ಲ ಗುಜರಿಗೆ ಹಾಕಿದ ಮೇಲೆ, ತೊಂಬತ್ತರ ದಶಕದಲ್ಲಿ, ಅವರು ಅವುಗಳಿಂದ ಸ್ವಿಚಿಂಗ್ ಆಂಪ್ಲಿಫೈಯರ್, ಅಂದರೆ ಹಾಡಿನ ಸದ್ದು ಹಿಗ್ಗಿಸುವ ಹೊಸ ಬಗೆಯ ಪೆಟ್ಟಿಗೆ, ಕಟ್ಟಲು ಕೂತರು. ವಿಮಾನಕ್ಕೆ ಎತ್ತು ಕಟ್ಟುವ ಕೆಲಸ.

ಕಟ್ಟುವುದಷ್ಟೇ ಆಗಿದ್ದರೆ ಸಹಿಸಬಹುದಿತ್ತು. ವಿವರಿಸುತ್ತಿದ್ದರು. ವಿವರಿಸಿ, ಕನ್ನಡಕ ಹಣೆಗೇರಿಸಿ, "ಪ್ರಶ್ನೆ?" ಎನ್ನುತ್ತಿದ್ದರು. ಯಾರಾದರೂ ಒಂದೇ ಒಂದು ಪ್ರಶ್ನೆ ಕೇಳಲಿ ಎಂಬುದಷ್ಟೇ ಅವರ ಆಸೆ. ನಾವು ಕೇಳಲಿಲ್ಲ. ಕೇಳಿದರೆ ಮತ್ತೆ ಮೊದಲಿಂದ ಶುರುವಾಗುತ್ತದಲ್ಲ?

ನನ್ನ ತಂಗಿಯ ಮದುವೆಯಲ್ಲಿ ಊಟದ ಮನೆಯ ಬಾಗಿಲಿಗೆ ಅಡ್ಡ ನಿಂತರು. (ಛತ್ರ ಜಯನಗರದ್ದೋ ಜೆ.ಪಿ. ನಗರದ್ದೋ, ಹೇಳಿ ಹೇಳಿ ಈ ಕಥೆಗೆ ನಾನೇ ಮೂರು ಛತ್ರ ಬದಲಿಸಿದ್ದೇನೆ.)

"ನೋಡು, ನಾನು ವಾಲ್ವ್ ಒಳಗಿನ ಗ್ರಿಡ್ಡು, ಕರೆಂಟು ತಡೆಯೋ ಜಾಲರಿ. ಈ ಜನ ಎಲೆಕ್ಟ್ರಾನು. ಬಾಗಿಲು ಅರ್ಧ ತೆಗೆದ್ರೆ ತಳ್ಳಾಟ, ಬಿಸಿ. ಅದು ಮಾಮೂಲಿ ಆಂಪ್ಲಿಫೈಯರ್. ನನ್ನದರಲ್ಲಿ ಪೂರ್ತಿ ತೆಗಿ, ಪೂರ್ತಿ ಮುಚ್ಚು. ಸೆಕೆಂಡಿಗೆ ಲಕ್ಷ ಸಲ. ಎಷ್ಟು ಹೊತ್ತು ತೆಗೆದಿತ್ತು ಅನ್ನೋದೇ ಸಂಗೀತ."

ಹೇಳುತ್ತಲೇ ಬಾಗಿಲು ಮುಚ್ಚಿದರು. ಬೀಗರು ಹೊರಗುಳಿದರು. "ಪ್ರಶ್ನೆ?"

"ಪಾಯಸ ಉಳಿದಿರತ್ತಾ?" ಎಂದರು ಬೀಗರು.

ಪೆಟ್ಟಿಗೆ ಆನ್ ಆದರೆ ಬೀದಿಯ ಟೀವಿಗಳಲ್ಲೆಲ್ಲ ಗೆರೆಗಳು ಓಡುತ್ತಿದ್ದವು. ಪಕ್ಕದ ಮನೆಯಾಕೆ ಗೇಟಿಗೆ ಬಂದರು. "ಅಂಕಲ್, ಯಾವಾಗ ಆಫ್ ಮಾಡ್ತೀರಾ?"

"ಇದು ಪ್ರಶ್ನೆ ಅಲ್ಲಮ್ಮ."

ಸ್ವಿಚಿಂಗ್ ಆದರೆ ಬಿಸಿ ಇರದು ಎಂಬುದು ಅವರ ಸಿದ್ಧಾಂತ. ದೊಡ್ಡಮ್ಮ ಆ ಪೆಟ್ಟಿಗೆಯ ಮೇಲೆ ಹಪ್ಪಳ ಒಣಗಿಸುತ್ತಿದ್ದರು.

ಎರಡು ಸಾವಿರದ ಆಚೆ ಯಾವುದೋ ವರ್ಷ, ಉಗುರಿನಗಲದ ಎಲೆಕ್ಟ್ರಾನಿಕ್ ಚಿಪ್ ಒಂದು ಇದೇ ಕೆಲಸವನ್ನು ತಣ್ಣಗೆ ಮಾಡತೊಡಗಿದಾಗ ದೊಡ್ಡಪ್ಪ ಸೋತರು. "ಗುಜರಿಯವನಿಗೆ ಹೇಳಿಬಿಡು," ಎಂದು ನನಗೆ ಹೇಳಿ ತಂತಿ ಬಿಚ್ಚಲು ಕೂತರು. ಏನನ್ನೂ ವಿವರಿಸಲಿಲ್ಲ. ನನಗೆ ಹಾಯೆನಿಸಿತು ಎಂದೇ ನೆನಪು. ಆ ನೆನಪು ಸುಳ್ಳಾಗಿರಲಿ.

ಅವರೆಕಾಯಿ ಸುಲಿಯುತ್ತಿದ್ದ ದೊಡ್ಡಮ್ಮ ತಲೆಯೆತ್ತದೆ ಕೇಳಿದರು. "ರೀ, ಪೂರ್ತಿ ತೆಗೆದಾಗ್ಲೂ ವಾಲ್ವ್ ಒಳಗೆ ಕರೆಂಟಿಗೆ ತಡೆ ಇದ್ದೇ ಇರತ್ತಲ್ಲ. ಆ ಬಿಸಿ ಎಲ್ಲಿಗೆ ಹೋಗತ್ತೆ?"

ದೊಡ್ಡಪ್ಪನ ಕೈ ನಿಂತಿತು. ಅಷ್ಟೂ ವರ್ಷದ ಸಿದ್ಧಾಂತವನ್ನು ಉರುಳಿಸುವ ಪ್ರಶ್ನೆ ಅದು. ಅಷ್ಟು ನನಗೂ ಹೊಳೆಯಿತು. ಅವರು ಸ್ಟೂಲಿನ ಮೇಲಿದ್ದ ಸಾಮಾನನ್ನೆಲ್ಲ ನೆಲಕ್ಕಿಳಿಸಿ, ಪಂಚೆಯ ತುದಿಯಿಂದ ಒರೆಸಿದರು.

"ಬಾ, ಕೂತ್ಕೋ. ಇನ್ನೊಂದ್ಸಲ ಕೇಳು."