ಹೊಸ್ತಿಲು ಕೊಯ್ದ ಕಾಕಾ

ನಮ್ಮ ಕಾಕಾನನ್ನು ಊಟಕ್ಕೆ ಕರೆಯುವವರಿಗೆ ಗುಂಡಿಗೆ ಗಟ್ಟಿ ಇರಬೇಕಿತ್ತು. ಎಲೆಯ ಮುಂದೆ ಕೂಡುವ ಮೊದಲೇ ಅವನು ಅವರ ಮನೆಗೆ ಬೆಂಕಿ ಹಚ್ಚಿರುತ್ತಿದ್ದ, ಬಾಯಲ್ಲೇ! ಒಳಗೆ ಬಂದವನೇ ಮೊದಲು ಬಾಗಿಲು ಎಣಿಸುತ್ತಿದ್ದ. ಆಮೇಲೆ ಮೂಲೆಯಲ್ಲಿ ಕೂತ ಮುದುಕರನ್ನೋ ಕುಂಟರನ್ನೋ ಹುಡುಕಿ ಯಜಮಾನನನ್ನು ಕೇಳುತ್ತಿದ್ದ: “ಬೆಂಕಿ ಬಿದ್ರ ಎತ್ತು ಬಿಚ್ಚಾವ್ರು ಯಾರ್ರಿ?” ಅದಕ್ಕೆ ಎಲ್ಲ ಮನೆಯಲ್ಲೂ ಉತ್ತರ ಸಿದ್ಧವಿರುತ್ತಿತ್ತು. “ಹಂಗಾರ ಇವ್ರನ್ನ ಹೊರಾವ್ರು ಯಾರು?” ಇದನ್ನು ಕೇಳಿ ಹೋಳಿಗೆ ಬಡಿಸಲು ಬಂದವರು ಹಾಗೇ ನಿಂತುಬಿಡುತ್ತಿದ್ದರು.

ಎಂಬತ್ತನೇ ಇಸವಿಯ ಆಚೀಚೆ ನನಗೆ ಹೆಣ್ಣು ನೋಡಲು ಮಿಶ್ರಿಕೋಟಿಗೆ ಹೋಗಿದ್ದೆವು. ಎಲ್ಲರೂ ಹುಡುಗಿಯನ್ನು ನೋಡಿದರೆ ಕಾಕಾ ನೋಡಿದ್ದು ಗೋಡೆಗೊರಗಿ ಕೂತ ಕುರುಡ ಅಜ್ಜನನ್ನು. ಕೇಳಿಯೇಬಿಟ್ಟ. ಹುಡುಗಿಯ ಅಪ್ಪನ ಮುಖ ಕಪ್ಪಿಟ್ಟಿತು.

“ಶುಭ ಕಾರ್ಯಕ್ಕ ಬಂದು ಎಂಥಾ ಮಾತ್ರಿ ಇದು?”

“ಅಂವ ಕೇಳಿದ್ದು ಖರೇ ಐತಿ,” ಅಂದ ಅಜ್ಜ ಮೂಲೆಯಿಂದ. “ನಾನೂ ಭಾಳ ದಿನದಿಂದ ಕೇಳಬೇಕಂತಿದ್ದೆ.”

ಸಂಬಂಧ ಅಲ್ಲಿಗೇ ಮುರಿಯಿತು. ಬಸ್ಸಿನಲ್ಲಿ ನಾನು ಮುಖ ಊದಿಸಿ ಕೂತಿದ್ದರೆ ಕಾಕಾ ಸಮಾಧಾನ ಹೇಳಿದ: “ಬಿಡಲೇ, ಒಂದ ಬಾಗಲದ ಮನಿ ಅದು.”

ನಮ್ಮ ಮನೆಗಾದರೂ ಎಷ್ಟು ಬಾಗಿಲಿದ್ದವು? ನಮ್ಮೂರು ತಿರ್ಲಾಪುರದ ಎಲ್ಲರ ಮನೆಯಂತೆ ಒಂದೇ. ಒಳಗೆ ಕಾಲಿಟ್ಟರೆ ದನ, ಮೆಟ್ಟಿಲೇರಿದರೆ ಪಡಸಾಲೆ, ಸುಗ್ಗಿಯಲ್ಲಿ ಅಲ್ಲಿ ಜಂತಿ ಮುಟ್ಟುವಷ್ಟು ಹತ್ತಿ. ಅದರ ಹಿಂದಿನ ಕತ್ತಲೆ ಕೋಣೆಯಲ್ಲಿ ನಮ್ಮ ಅತ್ತೆ, ಅಂದರೆ ಕಾಕಾನ ಅಕ್ಕ. ಮೂರನೇ ವರ್ಷಕ್ಕೆ ಜ್ವರ ಬಂದು ಆಕೆಯ ಎರಡೂ ಕಾಲು ಹೋಗಿದ್ದವು.

ನಾನು ಶಾಲೆಗೆ ಹೋಗುತ್ತಿದ್ದ ಕಾಲಕ್ಕೆ ಒಂದು ಮಧ್ಯಾಹ್ನ ಹತ್ತಿಗೆ ಕಿಡಿ ಬಿತ್ತು. ಎಲ್ಲರೂ ಹೊರಗೋಡಿದರು. ಕಾಕಾ ಹೊಗೆಯಲ್ಲಿ ನುಗ್ಗಿ ಎತ್ತುಗಳ ಕಣ್ಣಿ ಬಿಚ್ಚಿದ. ಬೀದಿಯಲ್ಲಿ ನಿಂತು ಎತ್ತು ಎಣಿಸಿದೆವು, ಆರೂ ಇದ್ದವು. ಊರವರು ಅವನ ಬೆನ್ನು ಚಪ್ಪರಿಸಿದರು. ಅಷ್ಟರಲ್ಲಿ ಅಜ್ಜಿ ಕೇಳಿದಳು, “ನನ್ನ ಮಗಳ ಎಲ್ಲಿ?” ಇವರು ತಂದಿದ್ದಾರೆಂದು ಅವರು, ಅವರು ತಂದಿದ್ದಾರೆಂದು ಇವರು! ಅತ್ತೆ ಕೈಯೂರಿ ತೆವಳುತ್ತ ತಲೆಬಾಗಿಲ ತನಕ ಬಂದಿದ್ದಳು. ಆರೂ ಎತ್ತು ದಾಟಿದ್ದ ಒಂದೂವರೆ ಗೇಣಿನ ಹೊಸ್ತಿಲು ಆಕೆಗೆ ದಾಟಲಾಗಿರಲಿಲ್ಲ. ಕಾಕಾ ಎಳೆದು ತಂದ. ಜೀವ ಉಳಿಯಿತು, ಬೆನ್ನು ಪೂರಾ ಸುಟ್ಟಿತ್ತು.

ಅಂದಿನಿಂದ ಕಾಕಾನ ಸೋಮವಾರದ ಕಸರತ್ತು ಶುರುವಾಯಿತು. ಸೋಮವಾರ ಬಸವಣ್ಣನ ದಿನ, ನಮ್ಮಲ್ಲಿ ಎತ್ತು ಹೂಡುವುದಿಲ್ಲ. ಕೈ ಬಿಡುವಿರುತ್ತಿದ್ದ ಕಾಕಾ ಅಕ್ಕನನ್ನು ಧೋತರದಿಂದ ಬೆನ್ನಿಗೆ ಕಟ್ಟಿಕೊಂಡು, ಹತ್ತಿ ಸುತ್ತಿ, ದನ ದಾಟಿ, ಹೊಸ್ತಿಲ ತನಕ ಓಡುತ್ತಿದ್ದ. ಮುಟ್ಟಿದ ಕೂಡಲೇ ತಿರುಗಿ ಕೋಣೆಗೆ. “ಎತ್ತಿಗೆ ಸೋಮವಾರ ಸೂಟಿ, ನನಗ ಸೋಮವಾರನ ದುಡಿತ,” ಅನ್ನುತ್ತಿದ್ದಳು ಅತ್ತೆ. ಹೀಗೆ ಹನ್ನೊಂದು ವರ್ಷ.

ಕೊನೆಗೆ ಕಾಕಾನ ಸೊಂಟ ಹಿಡಿಯಿತು. ಸಂಶಿಯಿಂದ ನಾಲ್ಕು ಹಳೆ ಬೇರಿಂಗು ತಂದು ಹಲಗೆಗೆ ಗಾಲಿಯಂತೆ ಜೋಡಿಸಿದ. ಪಡಸಾಲೆಯ ಮೆಟ್ಟಿಲಿಗೆ ಮಣ್ಣಿನ ಇಳಿಜಾರು ಮಾಡಿದ. ಅತ್ತೆ ಅದರ ಮೇಲೆ ಕೂತು ಕೈಯಿಂದ ನೆಲ ಒತ್ತುತ್ತ ಸಲೀಸಾಗಿ ಬಂದಳು, ಹೊಸ್ತಿಲಿಗೆ ಬಡಿದು ನಿಂತಳು. ಅದನ್ನು ಕೊಯ್ಯಲು ಬಡಿಗ ಒಪ್ಪಲಿಲ್ಲ. “ದಿನಾ ಅರಿಷಿಣ ಹಚ್ಚಿ ಕೈ ಮುಗಿಯೂ ಹೊಸ್ತಿಲರೀ ಅದು. ನನ್ನ ಕೈ ಏಳಂಗಿಲ್ಲ.”

ಕಾಕಾನ ಕೈ ಎದ್ದಿತು. ಬೆಳಗಿನ ಪೂಜೆಯ ಅರಿಷಿಣ ಇನ್ನೂ ಆರಿರಲಿಲ್ಲ, ಗರಗಸ ಇಟ್ಟ. ನಮ್ಮವ್ವ ಹಣೆ ಹಣೆ ಬಡಿದುಕೊಂಡಳು.

“ಲಕ್ಷ್ಮಿ ಇನ್ನ ಎಲ್ಲಿ ನಿಲ್ಲಬೇಕೋ?”

“ಇಷ್ಟ ದಿನಾ ನಿಂತು ಏನ ಮಾಡಿದ್ಲು? ಒಳಗ ಬಂದು ಕೂಡಲಿ, ವೈನಿ.”

ಅವ್ವ ತಿಂಗಳುಗಟ್ಟಲೆ ಅವನೊಡನೆ ಮಾತಾಡಲಿಲ್ಲ.

ಹೊಸ್ತಿಲು ಕೊಯ್ದು ವಾರ ಕಳೆದಿತ್ತು. ನಾನೂ ಕಾಕಾನೂ ಹೊಲದಿಂದ ಬಂದಾಗ ಅತ್ತೆಯ ಕೋಣೆ ಖಾಲಿ. ಹೊಗೆಯಿಲ್ಲ, ಕಿಡಿಯಿಲ್ಲ. ಹನ್ನೊಂದು ವರ್ಷ ತಾಲೀಮು ಮಾಡಿದ ಮನುಷ್ಯ ಎಲ್ಲ ಮರೆತು ಕಣಿಕಿ ಬಣವಿಯ ಹಿಂದೆಲ್ಲ ಹುಡುಕಿದ. ಬೀದಿಗೆ ಬಂದರೆ ಎದುರು ಮನೆಯ ಕಟ್ಟೆಯ ಮುಂದೆ ಅತ್ತೆ ಹಲಗೆಯ ಮೇಲೆ ಕೂತು, ಹೆಂಗಸರೊಡನೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಬಿಸಿಲಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ ಆಕೆಗೆ.

“ಏನಾತಬೇ ಅಕ್ಕಾ?”

“ಏನೂ ಆಗಿಲ್ಲೋ. ಬೆಂಕಿ ಬಿದ್ದಿಲ್ಲ. ಸುಮ್ಮನ ಬಂದೀನಿ.”

ಕಾಕಾ ಧೂಳಲ್ಲೇ ಕುಸಿದು ಕೂತ. “ಹೊಸ್ತಿಲ ತನಾ ಹೊತ್ತು ಹೊತ್ತು ತಿರುಗಿ ಒಯ್ದೆ,” ಅಂದ. “ಹೊರಗ ಕೂಡ್ತಿ ಏನು ಅಂತ ಒಂದ ದಿನಾ ಕೇಳಲಿಲ್ಲ ನೋಡು.” ಅವನು ಅಳುವುದನ್ನು ನಾನು ಅದೇ ಮೊದಲು ನೋಡಿದ್ದು. ನನಗೂ ತಡೆಯಲಾಗಲಿಲ್ಲ. ಕೇಳದವರಲ್ಲಿ ನಾನೂ ಒಬ್ಬನಲ್ಲವೇ?

ಅತ್ತೆ ಹಾಗೆ ಬಿಸಿಲಿಗೆ ಬಂದು ಕೂತದ್ದು ಮಳೆಗಾಲದ ತನಕ ಅಷ್ಟೇ. ಆಮೇಲೆ ಜ್ವರ ಬಂತು, ಏಳಲಿಲ್ಲ. ಹೊರಗೆ ಬಂದ ಆ ಮೊದಲ ದಿನ ಮಾತ್ರ ಹೊತ್ತು ಮುಳುಗುವ ತನಕ ಅಲ್ಲೇ ಇದ್ದಳು. ಒಳಗ ಹೋಗೂಣು ಅಂತ ಕಾಕಾ ಒಮ್ಮೆಯೂ ಅನ್ನಲಿಲ್ಲ.