ಮೊಮೊ ನುಂಗಿದ ಪ್ರಸಂಗ

ನಂಜನಗೂಡು ಮತ್ತು ತಿ. ನರಸೀಪುರ, ಈ ಎರಡೂ ತಾಲ್ಲೂಕುಗಳಲ್ಲಿ ಮನೆಮನೆಯ ಕರೆಂಟ್ ಮೀಟರ್ ಓದಿ ನಿವೃತ್ತನಾದವನು ನಾನು. ಯಾವ ಬೀದಿಯಲ್ಲಿ ಯಾವ ಹೋಟೆಲಿದೆ, ಅದರ ಗ್ರೈಂಡರ್ ಎಷ್ಟು ಹೊತ್ತಿಗೆ ತಿರುಗುತ್ತದೆ ಎಂಬುದೆಲ್ಲ ನನಗೆ ಬಾಯಿಪಾಠ. ಹಾಗಾಗಿ ತನ್ನ ಹುಟ್ಟುಹಬ್ಬದ ದಿನ ನನ್ನ ಹೆಂಡತಿ ಸಾವಿತ್ರಿ ಮೊಮೊ ತಿನ್ನಬೇಕು ಎಂದಾಗ ಒಂದು ಕ್ಷಣವೂ ಯೋಚಿಸದೆ ಸ್ಕೂಟರ್ ಹೊರತೆಗೆದೆ. ಯೋಚಿಸಬೇಕಿತ್ತು!

ವಿಷಯ ಇಷ್ಟೇ. ಮೈಸೂರಿನಲ್ಲಿರುವ ಅವಳ ತಂಗಿ ಹಿಂದಿನ ದಿನ ಒಂದು ತಟ್ಟೆ ಮೊಮೊದ ಫೋಟೋ ಕಳಿಸಿ, ನಿಮ್ಮೂರಲ್ಲಿ ಇದೆಲ್ಲ ಎಲ್ಲಿ ಸಿಗಬೇಕು ಎಂದು ಕೆಳಗೆ ಬರೆದಿದ್ದಳು. ಮದುವೆಯಾದಾಗಿನಿಂದ ಸಾವಿತ್ರಿ ನನ್ನನ್ನು ಏನಾದರೂ ಕೇಳಿದ್ದೇ ಕಡಿಮೆ. ಈಗ ಕೇಳಿದ್ದಳು: ಅಂದು ಸಂಜೆಯೊಳಗೆ ನಮ್ಮ ಸೀಮೆಯ ಮೊಮೊ ತಿಂದು ತಂಗಿಗೆ ಫೋಟೋ ಕಳಿಸಬೇಕು.

ಮೊದಲು ನರಸೀಪುರಕ್ಕೆ ಹೋದೆವು. ಅಲ್ಲಿ ಮೊಮೊ ಎಂದು ಬೋರ್ಡ್ ಹಾಕಿದ್ದ ಅಂಗಡಿಯ ಮೀಟರನ್ನು ನಾನೇ ಓದಿದ್ದೆ. ಬೋರ್ಡೇನೋ ಹಾಗೇ ಇತ್ತು. ಒಳಗೆ ಚಪ್ಪಲಿ ಮಾರುತ್ತಿದ್ದರು! ನಂಜನಗೂಡಿಗೆ ವಾಪಸ್ ಬಂದು ಪರಿಚಯದ ಹೋಟೆಲಿನವರನ್ನು ವಿಚಾರಿಸಿದೆ. ಹಿಟ್ಟಿನೊಳಗೆ ಪಲ್ಯ ತುಂಬಿ ಆವಿಯಲ್ಲಿ ಬೇಯಿಸುವುದು ತಾನೇ ಎಂದು ಅವರು ಅಡುಗೆಮನೆಗೆ ಹೋದರು. ಅರ್ಧ ಗಂಟೆಯ ಮೇಲೆ ಆಲೂಗೆಡ್ಡೆ ಪಲ್ಯ ತುಂಬಿದ ಇಡ್ಲಿ ತಂದಿಟ್ಟರು. ಸಾವಿತ್ರಿ ಅದರ ಫೋಟೋ ತೆಗೆಯಲಿಲ್ಲ.

"ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನಿ," ಎಂದಳು. "ಇಂಗೇ ಪೆಟ್ರೋಲ್ ಸುಡ್ತಾ ಇದ್ರೆ ನನ್ ಉಟ್ಟಿದಬ್ಬ ಮುಗ್ದೋಯ್ತದೆ."

ಪಕ್ಕದ ಟೇಬಲಿನಲ್ಲಿ ಫ್ಯಾಕ್ಟರಿ ಯೂನಿಫಾರಂ ತೊಟ್ಟ ಹೆಂಗಸೊಬ್ಬಳು ಕಾಫಿ ಕುಡಿಯುತ್ತಿದ್ದಳು. ಸಾವಿತ್ರಿ ಅವಳನ್ನು ಕೇಳಿದ್ದೇ ತಡ, ಉತ್ತರ ಬಂತು. ತಾಂಡ್ಯದ ಫ್ಯಾಕ್ಟರಿಗಳ ಹತ್ತಿರ, ಶಿಫ್ಟ್ ಬಿಡುವ ಹೊತ್ತಿಗೆ, ರಸ್ತೆ ಬದಿಯ ತಳ್ಳುಗಾಡಿಯಲ್ಲಿ ಸಿಗುತ್ತದಂತೆ. ಗಾಡಿ ಅಲ್ಲಿಗೆ ಬಂದು ವರ್ಷಗಳೇ ಆಗಿವೆಯಂತೆ. ನನಗೆ ಹೇಗೆ ಗೊತ್ತಾಗಬೇಕು? ತಳ್ಳುಗಾಡಿಗೆ ಮೀಟರ್ ಇರುವುದಿಲ್ಲವಲ್ಲ!

ಸ್ಕೂಟರನ್ನು ತಾಂಡ್ಯಕ್ಕೆ ತಿರುಗಿಸಿದೆ. ಗಾಡಿ ನಡೆಸುತ್ತಿದ್ದವಳು ಅಸ್ಸಾಂ ಕಡೆಯ ಹೆಣ್ಣುಮಗಳು. ಆವಿಯಾಡುವ ಮೊಮೊ ತಟ್ಟೆಗೆ ಬಂತು, ಪಕ್ಕದಲ್ಲಿ ಕೆಂಪು ಚಟ್ನಿ. ಬೆಳಗಿನಿಂದ ಹೋದ ಮಾನವನ್ನು ಮರಳಿ ಪಡೆಯಲು ಇದೇ ಸುಸಮಯವೆಂದು ನಾನು ತಿನ್ನುವ ಕ್ರಮದ ಬಗ್ಗೆ ಉಪನ್ಯಾಸ ಆರಂಭಿಸಿದೆ. ಉಂಡೆಯಾಗಿದೆ, ಬಿಸಿಯಾಗಿದೆ, ಜೊತೆಗೆ ಸಾರಿನಂಥದ್ದೂ ಇದೆ. ಅಂದಮೇಲೆ ಇದು ನಮ್ಮ ರಾಗಿಮುದ್ದೆಯ ಹತ್ತಿರದ ನೆಂಟ!

"ಮುದ್ದೆನ ಯಾರಾದ್ರೂ ಅಗೀತಾರಾ? ಇಂಗೆ ಅದ್ದು, ಅಂಗೇ ನುಂಗು," ಎಂದು ಹೇಳಿ ಚಟ್ನಿಯಲ್ಲಿ ಪೂರ್ತಿ ಮುಳುಗಿಸಿ ನುಂಗಿದೆ.

ಮೊಮೊ ಅರ್ಧ ದಾರಿಯಲ್ಲಿ ಕೆಟ್ಟುನಿಂತ ಬಸ್ಸಿನಂತೆ ನಿಂತಿತು. ಚಟ್ನಿ ಮಾತ್ರ ನಿಲ್ಲಲಿಲ್ಲ. ಕಿವಿ, ಮೂಗು, ನೆತ್ತಿ ಎಲ್ಲ ಕಡೆ ಸಂಚರಿಸಿತು. ಆಗತಾನೇ ಶಿಫ್ಟ್ ಬಿಟ್ಟಿತ್ತು. ಕಾರ್ಮಿಕರೆಲ್ಲ ನನ್ನ ಸುತ್ತ ನೆರೆದು ಸರದಿಯ ಮೇಲೆ ಬೆನ್ನಿಗೆ ಗುದ್ದಿದರು. ಎಷ್ಟೋ ಗುದ್ದಿನ ನಂತರ ಮೊಮೊ ಕೆಳಗಿಳಿಯಿತು.

ಗಾಡಿಯವಳು ನೀರು ಕೊಟ್ಟು, ಅಪ್ಪಟ ನಮ್ಮ ಸೀಮೆಯ ಕನ್ನಡದಲ್ಲಿ ಮೆಲ್ಲಗೆ ಹೇಳಿದಳು: "ಅದ್ನ ಅಗ್ದು ತಿನ್ಬೇಕು ಸಾ."

ಕಣ್ಣೊರೆಸಿಕೊಂಡು ನೋಡಿದೆ. ನಾನು ಬದುಕಿರುವುದನ್ನು ಖಚಿತಪಡಿಸಿಕೊಂಡ ಸಾವಿತ್ರಿ ಸ್ಕೂಟರಿನ ಮೇಲೆ ಕುಳಿತು ಎರಡನೇ ತಟ್ಟೆ ತಿನ್ನುತ್ತಿದ್ದಳು, ನಿಧಾನವಾಗಿ ಅಗಿಯುತ್ತ, ನಡುನಡುವೆ ನಗುತ್ತ. ಅವಳು ಅಷ್ಟು ಸಂತೋಷವಾಗಿದ್ದದ್ದನ್ನು ನೋಡಿ ಎಷ್ಟೋ ದಿನವಾಗಿತ್ತು. ಗಂಟಲು ಉರಿಯುತ್ತಿದ್ದರೂ ನನಗೂ ಖುಷಿಯಾಯಿತು. ತಂಗಿಗೆ ಫೋಟೋ ಆಗಲೇ ಹೋಗಿತ್ತು: ಮುಂದೆ ಮೊಮೊ, ಹಿಂದೆ ಗುದ್ದು ತಿನ್ನುತ್ತಿರುವ ನಾನು.

ಮುಂದಿನ ವಾರ ಸಾವಿತ್ರಿಯ ಒತ್ತಾಯಕ್ಕೆ ಮತ್ತೆ ಹೋದೆವು. ಗಾಡಿಗೆ ಹೊಸ ರಟ್ಟಿನ ಬೋರ್ಡು ನೇತುಹಾಕಿದ್ದರು: "ದಯವಿಟ್ಟು ಅಗಿದು ತಿನ್ನಿ." ಹೊಸ ಗಿರಾಕಿಯೊಬ್ಬ ಇದ್ಯಾಕೆ ಎಂದು ಕೇಳಿದ. ಗಾಡಿಯವಳು ಮರ್ಯಾದಸ್ಥೆ, ತಟ್ಟೆಗೆ ಚಟ್ನಿ ಬಡಿಸತೊಡಗಿದಳು. ಸಾವಿತ್ರಿ ಮಾತ್ರ ಕೈಯಲ್ಲಿದ್ದ ಅರ್ಧ ಮೊಮೊವನ್ನು ನನ್ನ ಕಡೆಗೆ ತೋರಿಸಿದಳು.

ಎರಡು ತಾಲ್ಲೂಕಿನ ಮೀಟರ್ ಓದಿದವನು ನಾನು. ನನಗೋಸ್ಕರವೇ ಬರೆದದ್ದನ್ನು ಓದಿದ್ದು ಅದೇ ಮೊದಲು.