ವಿರೋಧ ಪಕ್ಷದ ಅತ್ತೆ

ನಮ್ಮ ಅತ್ತೆ ಹುಟ್ಟಿದ್ದೇ ವಿರೋಧ ಪಕ್ಷದಲ್ಲಿ. ಪಕ್ಷದ ಸದಸ್ಯತ್ವ ತೆಗೆದುಕೊಂಡದ್ದು ಎಷ್ಟೋ ವರ್ಷಗಳ ಮೇಲೆ, ಅದು ಬೇರೆ ಮಾತು. ಅಪ್ಪನ ತಂಗಿಯಾದ ಈಕೆ ತನ್ನ ಮದುವೆಯ ದಿನ, ಧಾರೆ ಮುಗಿದು ಪಂಕ್ತಿಯಲ್ಲಿ ಕೂತಾಗ, ಪಾಯಸ ಬಡಿಸಲು ಬಂದವರನ್ನು ತಡೆದು, "ಗೋಡಂಬಿ ತಂದಿದ್ದು ನಾನೇ ನೋಡಿದೀನಿ. ಇದ್ರಲ್ಲಿ ಒಂದೂ ಕಾಣ್ತಿಲ್ವಲ್ಲ, ಎಲ್ಲಿ ಹೋಯ್ತು?" ಎಂದು ಕೇಳಿದಳಂತೆ. ಹುಂಚದ ಕಡೆಯಿಂದ ಬಂದಿದ್ದ ಗಂಡಿನವರು ಅಲ್ಲೇ ಬೆವರಿದರು. ಗೋಡಂಬಿ ಎಲ್ಲಿ ಹೋಯಿತೆಂದು ಇವತ್ತಿನವರೆಗೂ ಗೊತ್ತಾಗಿಲ್ಲ. ನಾಲ್ಕು ಜನರ ಮುಂದೆ ಖರ್ಚಿನ ಬಗ್ಗೆ ಅವಳು ಎತ್ತಿದ ಮೊದಲ ಪ್ರಶ್ನೆಯ ಗತಿಯೇ ಹಾಗಾಯಿತು. ಮುಂದಿನವುಗಳ ಬಗ್ಗೆ ಹೆಚ್ಚಿಗೆ ಹೇಳಬೇಕೆ?

ಮಾವ ಶಾಲೆಯಲ್ಲಿ ಮೇಷ್ಟರಾಗಿದ್ದವರು. ಮದುವೆಯಾದ ಹೊಸತರಲ್ಲೇ ಅವರು ಆಡಳಿತ ಪಕ್ಷದ ಭಾಷೆ ಕಲಿತುಬಿಟ್ಟರು. "ಬಚ್ಚಲ ಹಂಡೆ ಸೋರ್ತಿದೆ ಅಂತ ಹೋದ ತಿಂಗಳೇ ಹೇಳಿದ್ದೆ, ಎಂತ ಆಯ್ತು?" ಎಂದು ಅತ್ತೆ ಕೇಳಿದರೆ, ಮಾವ ಪೇಪರಿನಿಂದ ತಲೆಯೆತ್ತದೆ, "ಪರಿಶೀಲನೆಯಲ್ಲಿದೆ" ಅನ್ನುತ್ತಿದ್ದರು. ಇಂಥ ಮನೆಯಲ್ಲಿ ತರಬೇತಿ ಪಡೆದವಳು ರಾಜಕೀಯಕ್ಕೆ ಹೋಗದೆ ಇನ್ನೆಲ್ಲಿಗೆ ಹೋದಾಳು? ಕೊನೆಗೆ ಒಂದು ಪಟ್ಟಣ ಪಂಚಾಯಿತಿಗೆ ಗೆದ್ದು ಬಂದಳು. ಯಾವ ಊರಿನದು ಅಂತ ಮಾತ್ರ ಕೇಳಬೇಡಿ. ಸಾಗರ, ಹೊಸನಗರ, ತೀರ್ಥಹಳ್ಳಿ, ಮೂರೂ ಕಡೆ ನಮಗೆ ನೆಂಟರಿದ್ದಾರೆ. ಮದುವೆ ಮನೆಗಳಲ್ಲಿ ನಾನು ಮುಖ ತೋರಿಸಬೇಕು.

ಸಭೆಯಲ್ಲಿ ಅವಳ ಕಾಟ ತಡೆಯಲಾರದೆ ಆಡಳಿತ ಪಕ್ಷದವರು ಒಂದು ಉಪಾಯ ಹುಡುಕಿದರು. ನಮ್ಮದು ಜೈನರ ಮನೆ. ಹೊತ್ತು ಮುಳುಗುವ ಮೊದಲೇ ಅತ್ತೆಯ ಊಟ ಮುಗಿಯಬೇಕು. ಇದು ಊರಿಗೇ ಗೊತ್ತು. ಹಾಗಾಗಿ ರಸ್ತೆ, ಚರಂಡಿ, ಬೀದಿದೀಪದ ವಿಷಯಗಳೆಲ್ಲ ಸಭೆಯ ಕೊನೆಗೆ ಸರಿದವು. ಮೊದಲಿಗೆ ಅಭಿನಂದನೆ, ಆಮೇಲೆ ಸಂತಾಪ, ಆಮೇಲೆ ಹೊಸ ಸರ್ಕಲ್ಲಿಗೆ ಯಾರ ಹೆಸರಿಡಬೇಕೆಂಬ ಚರ್ಚೆ. ಬಿಸಿಲು ಕಿಟಕಿಯಿಂದ ಗೋಡೆಗೆ, ಗೋಡೆಯಿಂದ ಸೂರಿಗೆ ಏರುವಷ್ಟರಲ್ಲಿ ಅತ್ತೆ ಎದ್ದು ಹೋಗುತ್ತಿದ್ದಳು. ಅವಳು ಮೆಟ್ಟಿಲಿಳಿದ ಮೇಲೆ ಚರಂಡಿಗಳೆಲ್ಲ ಒಂದೇ ಉಸಿರಿನಲ್ಲಿ ಪಾಸಾಗುತ್ತಿದ್ದವು.

ಕೆಲವು ಸಭೆ ಹೀಗೆ ನಡೆಯಿತು. ಆಮೇಲೊಂದು ದಿನ ಅತ್ತೆ ಕ್ಯಾರಿಯರ್ ಹಿಡಿದುಕೊಂಡೇ ಬಂದಳು. ಸರ್ಕಲ್ಲಿನ ಹೆಸರು ಚರ್ಚೆಯಾಗುತ್ತಿದ್ದಾಗ ಮುಚ್ಚಳ ಬಿಚ್ಚಿ, ಮೇಜಿನ ಮೇಲೆ ಬಾಳೆ ಎಲೆ ಹಾಸಿ, ಅನ್ನ ಸಾರು ಕಲಸಿದಳು. ಸಾರಿನ ಪರಿಮಳಕ್ಕೆ ಚರ್ಚೆ ತಾನಾಗಿ ನಿಂತಿತು.

"ಮೇಡಂ, ಇದು ಸಭಾಂಗಣ" ಎಂದರು ಅಧ್ಯಕ್ಷರು.

"ಗೊತ್ತುಂಟು. ನೀವೂ ಇಲ್ಲೇ ಅಲ್ವಾ ತಿನ್ನೋದು?" ಎಂದಳು ಅತ್ತೆ.

ಅವತ್ತು ದೀಪ ಹಚ್ಚುವ ಹೊತ್ತಿನವರೆಗೂ ಚರಂಡಿ ಚರ್ಚೆ ನಡೆಯಿತು. ಮುಖ್ಯಾಧಿಕಾರಿ ಹಸಿದು ಸುಸ್ತಾಗಿದ್ದರೆಂದು ಅತ್ತೆಯೇ ನನಗೆ ಹೇಳಿದಳು, ಸ್ವಲ್ಪ ಮರುಕದಿಂದ. ಚರಂಡಿ ಮಾತ್ರ ಆಗಲಿಲ್ಲ.

ನಾನು ಸಾಗರದಲ್ಲಿ ಸಣ್ಣದೊಂದು ಫೋಟೋ ಸ್ಟುಡಿಯೋ ಇಟ್ಟುಕೊಂಡಿರುವವನು. ಅವಳ ಹೋರಾಟಗಳಿಗೆಲ್ಲ ನಾನೇ ಛಾಯಾಗ್ರಾಹಕ. ಕೂಲಿಯೆಂದರೆ ಅವಳ ಕೈಯ ಕೊಟ್ಟೆಕಡುಬು. ಹೀಗೆ ಒಮ್ಮೆ ಅವಳ ವಾರ್ಡಿನ ಸೇತುವೆ ನೋಡಲು ಹೋದೆ. ಊರಿನ ಅಂಚಿನಲ್ಲಿ ಒಂದು ಹಳ್ಳವಿದೆ. ಅದರಾಚೆ ಒಂದು ಕಾಲೊನಿ. ಬೇಸಿಗೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ಜನ ದಾಟುತ್ತಾರೆ, ಮಳೆಗಾಲದಲ್ಲಿ ದೇವರ ಮೇಲೆ ಭಾರ ಹಾಕುತ್ತಾರೆ. ಅಲ್ಲಿಗೊಂದು ಸೇತುವೆ, ಕಾಲೊನಿಯವರ ಬಾಯಲ್ಲಿ ಸಂಕ, ಬೇಕೆಂದು ಎಲ್ಲ ಪಕ್ಷದವರೂ ಎಲ್ಲ ಚುನಾವಣೆಯಲ್ಲೂ ಒಪ್ಪಿದ್ದರು. ಅಂತೂ ಕೆಲಸ ಶುರುವಾಗಿ ಕಂಬಗಳು ಎದ್ದಿದ್ದವು. ಕಾಲೊನಿಯವರು ಕಂಬಗಳಿಗೆ ಅರಿಶಿನ ಕುಂಕುಮ ಹಚ್ಚಿದ್ದರು.

ಅತ್ತೆ ಕಂಬವನ್ನು ಒಂದು ಸುತ್ತು ಹಾಕಿ, ಕೊಡೆಯ ತುದಿಯಿಂದ ಚುಚ್ಚಿದಳು. ಕೊಡೆ ಒಳಗೆ ಹೋಯಿತು. ನಾನು ಫೋಟೋ ತೆಗೆಯುವುದನ್ನೂ ಮರೆತು ನಿಂತೆ. ಅವಳು ಕೈ ಬಿಟ್ಟರೂ ಕೊಡೆ ಬೀಳಲಿಲ್ಲ. ಗೋಡೆಯ ಗೂಟದ ಹಾಗೆ ಕಂಬದಲ್ಲೇ ನಿಂತಿತ್ತು. ಆಗ ಫೋಟೋ ತೆಗೆದೆ. ಮರುದಿನ ಎಂಜಿನಿಯರನ್ನು ಕರೆಸಿ ಅದನ್ನೇ ತೋರಿಸಿದಳು.

"ಇದು ಕಾಂಕ್ರೀಟಾ, ನೆನೆಸಿದ ಅವಲಕ್ಕಿಯಾ?"

"ಇನ್ನೂ ಕ್ಯೂರಿಂಗ್ ಆಗ್ಬೇಕು ಮೇಡಂ, ಆಮೇಲೆ ಗಟ್ಟಿ ಆಗತ್ತೆ."

"ಮನುಷ್ಯರು ದಾಟೋ ಮೊದ್ಲು ಆಗತ್ತಾ, ನೀರಿಗೆ ಬಿದ್ದ ಮೇಲಾ?"

ತನಿಖೆಯಾಗಬೇಕೆಂದು ಅತ್ತೆ ಪಟ್ಟು ಹಿಡಿದಳು. ಜಿಲ್ಲಾ ಕೇಂದ್ರಕ್ಕೆ ಹೋಗಿ ಕೂತಳು. ಪೇಪರಿನಲ್ಲಿ ನಾನು ತೆಗೆದ ಫೋಟೋ ಬಂತು. ಅವಳ ಜೀವಮಾನದಲ್ಲೇ ಮೊದಲ ಬಾರಿಗೆ ಸರ್ಕಾರ ಅವಳ ಮಾತು ಕೇಳಿತು. ತನಿಖೆಗೆ ಆದೇಶವಾಯಿತು. ಮನೆಯಲ್ಲಿ ಹೋಳಿಗೆ ಮಾಡಿದಳು. ಮಾವ ಪೇಪರನ್ನು ಮಡಚಿಟ್ಟು ಅವಳನ್ನೇ ನೋಡುತ್ತ ಕೂತಿದ್ದರು. ನಮಗ್ಯಾರಿಗೂ ಗೊತ್ತಿರಲಿಲ್ಲ, ಅವಳು ಸೋತದ್ದು ಅವತ್ತೇ ಎಂದು.

ಅಧಿಕಾರಿಗಳು ಬಂದರು, ಕಂಬ ತಟ್ಟಿದರು, ಎಳನೀರು ಕುಡಿದರು, ಹೋದರು. ತನಿಖೆ ಮುಗಿಯುವವರೆಗೆ ಕೆಲಸ ಮುಂದುವರಿಸುವಂತಿಲ್ಲ ಎಂದಾಯಿತು. ತನಿಖೆ ಮುಗಿಯಲಿಲ್ಲ. ಅತ್ತೆ ಈಗ ತನಿಖೆಯ ಬಗ್ಗೆ ಪ್ರಶ್ನೆ ಕೇಳತೊಡಗಿದಳು. ಅಧ್ಯಕ್ಷರು ಪ್ರತಿ ಸಭೆಯಲ್ಲೂ ಕೈ ಮುಗಿದು, "ತಾವೇ ಕೇಳಿದ ತನಿಖೆ ಮೇಡಂ, ಅದಕ್ಕೆ ನಾವು ಅಡ್ಡ ಬರೋ ಹಾಗಿಲ್ಲ" ಅನ್ನುತ್ತಿದ್ದರು. ಎಷ್ಟು ವಿನಯ ನೋಡಿ. ಅದೇ ಜನ ಕಾಲೊನಿಗೆ ಹೋಗಿ, "ನಿಮ್ಗೆ ಸೇತುವೆ ಬೇಡ ಅಂದಿದ್ದು ನಿಮ್ ಮೇಡಂನೇ" ಎಂದು ಹೇಳಿ ಬಂದರು. ಅದರಲ್ಲಿ ಸುಳ್ಳು ಎಷ್ಟು, ನಿಜ ಎಷ್ಟು ಎಂದು ಬಿಡಿಸಿ ಹೇಳುವಷ್ಟು ಪುರುಸೊತ್ತು ಮಳೆ ಕೊಡಲಿಲ್ಲ.

ಆ ಮಳೆಗಾಲದಲ್ಲಿ ಕಾಲೊನಿಯ ಗಿರಿಜಾಳ ಸೊಸೆಗೆ ಹೆರಿಗೆ ನೋವು ಬಂತು. ಹಳ್ಳ ತುಂಬಿತ್ತು. ಆಂಬುಲೆನ್ಸ್ ಈಚೆ ದಡದಲ್ಲಿ ಬಂದು ನಿಂತಿತ್ತು. ನೀರು ಇಳಿಯಲೆಂದು ಕಾದು ಕಾದು, ಕೊನೆಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಹೆಗಲ ಮೇಲೆ ಹೊತ್ತು ದಾಟಿಸಿದರು. ಸೊಸೆ ಉಳಿದಳು. ಮಗು ಉಳಿಯಲಿಲ್ಲ.

ಚುನಾವಣೆ ಬಂದಾಗ ಅತ್ತೆ ಆ ಮನೆಗೂ ಮತ ಕೇಳಲು ಹೋದಳು. ಬೇಡವೆಂದು ನಾನು ಹೇಳಿದೆ, ಕೇಳಲಿಲ್ಲ. ಗಿರಿಜಾ ಬಾಗಿಲಲ್ಲೇ ನಿಂತು, ದನಿ ಏರಿಸದೆ ಹೇಳಿದಳು: "ಕೆಟ್ಟ ಸೇತುವೆನೇ ಇದ್ದಿದ್ರೂ ಅವತ್ತೊಂದಿನ ದಾಟ್ತಿದ್ವಿ ಮೇಡಂ. ಆಮೇಲೆ ಬೇಕಾದ್ರೆ ಬಿದ್ದು ಹೋಗ್ಲಿ."

ಅತ್ತೆ ಕೈ ಮುಗಿದು ಹಿಂದಿರುಗಿದಳು. ಚುನಾವಣೆಯಲ್ಲಿ ಸೋತಳು. ಕಾಲೊನಿಯ ಮತಗಳು ಒಟ್ಟಾಗಿ ಆಚೆ ಪಕ್ಷಕ್ಕೆ ಹೋಗಿದ್ದವು.

ಸ್ವಲ್ಪ ದಿನದ ಮೇಲೆ ಮಾವ ಫೋನ್ ಮಾಡಿದರು. "ನೀ ಒಂಚೂರು ಬಂದು ಹೋಗು ಮಾರಾಯ. ಇವ್ಳು ಏನೂ ಕೇಳ್ತಿಲ್ಲ."

"ಕೇಳ್ತಿಲ್ಲ ಅಂದ್ರೆ? ಕಿವಿ ಕೇಳ್ತಿಲ್ವಾ?"

"ಪ್ರಶ್ನೆ ಕೇಳ್ತಿಲ್ಲ. ನಿನ್ನೆ ನಾನೇ ಸಾರು ಮಾಡಿ ಬೇಕಂತ್ಲೇ ಉಪ್ಪು ಹಾಕ್ಲಿಲ್ಲ. ಸುಮ್ನೆ ಉಂಡು ಎದ್ಲು. ಡಾಕ್ಟ್ರಿಗೆ ತೋರಿಸ್ಬೇಕಾ ಅಂತ."

ಬಸ್ಸು ಹತ್ತಿ ಹೋದೆ. ಅತ್ತೆ ಒಳ್ಳೆಯ ಮಾತಾಡುತ್ತಲೇ ಕಾಫಿ ಕೊಟ್ಟಳು. ಬಸ್ಸು ಯಾಕೆ ತಡವಾಯಿತು, ರಸ್ತೆಯ ಗುಂಡಿ ಮುಚ್ಚಿದರೋ ಇಲ್ಲವೋ, ಒಂದನ್ನೂ ಕೇಳಲಿಲ್ಲ. ಸಂಜೆ ಬಿಸಿಲು ಇಳಿದ ಮೇಲೆ, "ಹಳ್ಳದ ಕಡೆ ಹೋಗಿ ಬರೋಣ" ಎಂದಳು.

ಮಳೆಗಾಲ ಕಳೆದು ನೀರು ತಗ್ಗಿತ್ತು. ಕಂಬಗಳು ಹಾಗೇ ನಿಂತಿದ್ದವು, ಮೇಲೆ ತುಕ್ಕು ಹಿಡಿದ ಸರಳುಗಳು. ಒಂದರ ಮೇಲೆ ಕೊಕ್ಕರೆ ಕೂತಿತ್ತು. ಊರಿಗೆ ಬಂದ ಅನುದಾನದಿಂದ ಅದಕ್ಕಾದರೂ ಪ್ರಯೋಜನವಾಯಿತಲ್ಲ ಎಂದು ತಮಾಷೆ ಮಾಡಿದೆ. ಅತ್ತೆ ನಗಲಿಲ್ಲ. "ನಾನು ಸುಮ್ಮನಿದ್ದಿದ್ರೆ ಆ ಮಗು ಉಳೀತಿತ್ತೇನೋ, ಅಲ್ವಾ?" ಎಂದಳು.

ಇಷ್ಟು ವರ್ಷ ಅವಳು ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಅವಳಿಗೇ ಗೊತ್ತಿರುತ್ತಿತ್ತು. ಇದಕ್ಕೆ ಗೊತ್ತಿರಲಿಲ್ಲ. ಕಂಬ ಕುಸಿದು ಹತ್ತಾರು ಜನ ಸಾಯಬಹುದಿತ್ತು ಎಂದು ಹೇಳೋಣವೆನಿಸಿತು. ಆ ಹತ್ತಾರು ಜನ ಯಾರೆಂದು ಅವಳು ಕೇಳಿದರೆ ಏನು ಹೇಳಲಿ? ಸಾಯದೆ ಉಳಿದವರ ಲೆಕ್ಕ ಯಾರೂ ಇಡುವುದಿಲ್ಲ.

ಅಷ್ಟರಲ್ಲಿ ಆಚೆ ದಡದಿಂದ ಯಾರೋ ನೀರಿಗಿಳಿದರು. ಗಿರಿಜಾ. ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತ ಬರುವುದನ್ನು ಕಂಡು ಅತ್ತೆ ಸೆರಗು ಸರಿಮಾಡಿಕೊಂಡಳು, ಇನ್ನೊಂದು ಏಟಿಗೆ ಸಿದ್ಧವಾಗುವವಳಂತೆ. ಗಿರಿಜಾ ದಡ ಹತ್ತಿ ಏದುಸಿರು ಬಿಡುತ್ತ ನಿಂತಳು.

"ನಾಳೆ ಪಂಚಾಯ್ತಿ ಆಫೀಸಿಗೆ ಹೋಗ್ಬೇಕಂತಿದೀನಿ ಅಮ್ಮ, ಸಂಕದ ವಿಷಯ ಕೇಳಕ್ಕೆ. ನೀವೂ ಬರ್ತೀರಾ?"

"ನನ್ಗೀಗ ಅಧಿಕಾರ ಇಲ್ಲ ಗಿರಿಜಾ" ಎಂದಳು ಅತ್ತೆ.

"ಇದ್ದಾಗಾದ್ರೂ ಎಂತ ಆಯ್ತು?" ಎಂದಳು ಗಿರಿಜಾ, ಕೊಂಕಿಲ್ಲದೆ. "ಅದಕ್ಕಲ್ಲ. ಒಬ್ಳೇ ಹೋಗಕ್ಕೆ ಹೆದರಿಕೆ. ಸುಮ್ನೆ ಪಕ್ಕದಲ್ಲಿ ಕೂತಿರಿ."

ಗಿರಿಜಾಳ ಸೀರೆಯಿಂದ ನೀರು ಇಳಿಯುತ್ತಿತ್ತು. ಅತ್ತೆ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು, ಒದ್ದೆ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಹಿಂಡತೊಡಗಿದಳು. ನೀರೆಲ್ಲ ಹೋದ ಮೇಲೂ ತಲೆಯೆತ್ತದೆ ಹಿಂಡುತ್ತಲೇ ಇದ್ದಳು. ಗಿರಿಜಾ ಬೇಡವೆನ್ನದೆ, ಅವಳ ಹೆಗಲ ಮೇಲೆ ಕೈಯೂರಿ ನಿಂತಿದ್ದಳು.